ಕಣ್ಣಿದ್ದ ಮಾತ್ರಕ್ಕೆ ಕಾವಲಲ್ಲ



ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಟೀ ಫ್ಯಾಕ್ಟರಿಗೆ ಯಂತ್ರದ ಸಾಮಾನು ಮಾರುವವರೊಬ್ಬರು ಬಂದಿದ್ದರು. ಬೆಂಕಿಪೆಟ್ಟಿಗೆಯಷ್ಟಿದ್ದ ಒಂದು ಉಪಕರಣವನ್ನು ಸಿ.ಟಿ.ಸಿ. ಯಂತ್ರದ ಬಾಯಿಯ ಹತ್ತಿರ ಹಿಡಿದು ಅದರ ಮುಂದೆ ಅಂಗೈ ಆಡಿಸಿದರು. ಕೆಂಪು ದೀಪ ಹತ್ತಿತು. "ಇನ್ನು ನಿಮ್ಮ ಜನರ ಬೆರಳಿಗೆ ಭಯವಿಲ್ಲ. ಕೈ ಬಂದರೆ ಈ ಸೆನ್ಸರ್ ಕಂಡುಹಿಡಿದು ಮೋಟಾರು ನಿಲ್ಲಿಸುತ್ತದೆ" ಎಂದರು. ನಿಂತವರೆಲ್ಲ ಮೆಚ್ಚಿದರು. ಸಂಘದ ಪರವಾಗಿ ಹೋಗಿದ್ದ ನಮಗೂ ಸಂತೋಷವೇ ಆಯಿತು. ಅಷ್ಟರಲ್ಲಿ ನಮ್ಮ ಫಿಟ್ಟರಣ್ಣ ಒಬ್ಬರು, ಗ್ರೀಸು ಕುಡಿದು ಕಪ್ಪಾಗಿದ್ದ ತಮ್ಮ ಕೈಗವಸು ತೊಟ್ಟು ಅದೇ ಜಾಗದಲ್ಲಿ ಕೈ ಇಟ್ಟರು. ದೀಪ ಹತ್ತಲಿಲ್ಲ. ಇನ್ನಷ್ಟು ಹತ್ತಿರ ತಂದರು. ಆಗಲೂ ಹತ್ತಲಿಲ್ಲ.

ಮಾರಲು ಬಂದವರು ಮೋಸಗಾರರೆಂದು ನಾವು ಹೇಳುವುದಿಲ್ಲ. ಆ ಉಪಕರಣ ತನ್ನ ಕೆಲಸಕ್ಕೆ ಒಳ್ಳೆಯದೇ. ಬೆಲ್ಟಿನ ಮೇಲೆ ಸೊಪ್ಪು ಬಂತೇ, ಪ್ಯಾಕೆಟು ದಾಟಿತೇ ಎಂದು ನೋಡುವುದಕ್ಕೆ ಮಾಡಿದ್ದು ಅದು. ಅದು ಬೆಳಕನ್ನು ಮುಂದಕ್ಕೆ ಬಿಡುತ್ತದೆ, ವಸ್ತುವಿಗೆ ತಗುಲಿ ಹಿಂದೆ ಬಂದ ಬೆಳಕನ್ನು ಹಿಡಿಯುತ್ತದೆ. ಬಿಳಿ ಅಂಗೈಯಿಂದ ಬೆಳಕು ಧಾರಾಳವಾಗಿ ಹಿಂದಿರುಗುತ್ತದೆ. ಕರಿ ಬಟ್ಟೆ ಬೆಳಕನ್ನು ನುಂಗುತ್ತದೆ. ಟೀ ಫ್ಯಾಕ್ಟರಿಯಲ್ಲಿ ಹಾರಾಡುವ ನಾರಿನ ಧೂಳು ಅದರ ಕಣ್ಣಿನ ಮೇಲೆ ಕೂತರೂ ಅದು ಕುರುಡಾಗುತ್ತದೆ. ಕುರುಡಾದದ್ದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅದು ಏನೂ ಕಾಣದಿರುವಾಗಲೇ ಯಂತ್ರ ಓಡುವುದು.

ಬೆಳಕಿನ ಪರದೆ ಎಂದು ಇನ್ನೊಂದು ಬಗೆಯಿದೆ. ಇಂಗ್ಲಿಷಿನವರು ಲೈಟ್ ಕರ್ಟನ್ ಎನ್ನುತ್ತಾರೆ. ಅಪಾಯದ ಜಾಗದ ಮುಂದೆ ಎರಡು ಕಂಬ ನಿಲ್ಲಿಸುತ್ತಾರೆ. ಒಂದು ಕಂಬದಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕಿನ ಎಳೆಗಳು, ಟಿ.ವಿ. ರಿಮೋಟಿನಲ್ಲಿ ಇರುವಂಥವು, ಮಗ್ಗದ ನೂಲಿನಂತೆ ಸಾಲಾಗಿ ಹಾದುಹೋಗುತ್ತವೆ. ಎಳೆಗಳೆಲ್ಲ ತಪ್ಪದೆ ಬಂದು ಮುಟ್ಟುತ್ತಿದ್ದರೆ ಮಾತ್ರ ಯಂತ್ರಕ್ಕೆ ಓಡುವ ಅಪ್ಪಣೆ. ಒಂದು ಎಳೆ ಕಡಿದರೂ ನಿಲ್ಲಬೇಕು. ಕಡಿದದ್ದು ಕೈಯಾಗಲಿ, ಧೂಳಾಗಲಿ, ಕೆಟ್ಟುಹೋದ ದೀಪವಾಗಲಿ, ಎಲ್ಲಕ್ಕೂ ಒಂದೇ ಉತ್ತರ.

ಎಸ್ಟೇಟಿನ ಕಾವಲುಗಾರನನ್ನು ನೆನೆಯಿರಿ. ರಾತ್ರಿ ಗಂಟೆಗೊಮ್ಮೆ ತಟ್ಟೆ ಬಾರಿಸುವವನಾದರೆ, ಸದ್ದು ಕೇಳದಿದ್ದಾಗ ಲೈನ್ ಮನೆಯವರೆಲ್ಲ ಎದ್ದು ನೋಡುತ್ತಾರೆ. ಕಳ್ಳ ಬಂದಾಗ ಮಾತ್ರ ಕೂಗುವವನಾದರೆ, ಅವನು ನಿದ್ದೆ ಹೋದ ರಾತ್ರಿಯೂ ನಮಗೆ ಕ್ಷೇಮದ ರಾತ್ರಿಯಂತೆಯೇ ಕಾಣುತ್ತದೆ. ಪರದೆ ಮೊದಲನೆಯವನು. ಆ ಪುಟ್ಟ ಸೆನ್ಸರ್ ಎರಡನೆಯವನು. ಎದುರುಬದುರಾಗಿ ಎರಡು ತುಂಡು ಇಡುವ ಸಾಧಾರಣ ಸೆನ್ಸರುಗಳೂ ಇವೆ, ಅವು ಧೂಳಿಗೆ ಸುಮ್ಮನಿರುವುದಿಲ್ಲ ನಿಜ. ಆದರೆ ಒಳಗಿನ ಒಂದು ತುಂಡು ಸುಟ್ಟುಹೋಗಿ 'ಎಲ್ಲ ಸರಿ' ಎಂದೇ ಹೇಳುತ್ತಾ ಕೂತರೆ ಅವನ್ನು ತಿದ್ದುವವರಿಲ್ಲ. ಕಾವಲಿಗೆಂದು ಮಾಡಿದ ಪರದೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ನಿಲ್ಲಿಸುವ ತಂತಿಯೂ ಅದರಲ್ಲಿ ಎರಡು, ಒಂದು ಕೆಟ್ಟರೆ ಇನ್ನೊಂದು. ಅಂಥದ್ದರ ಮೇಲೆ ಐ.ಇ.ಸಿ. 61496 ಎಂದೂ ಟೈಪ್ 4 ಎಂದೂ ಬರೆದಿರುತ್ತದೆ. ಟೈಪ್ 2 ಎಂಬುದೂ ಇದೆ, ಅದು ಚಿಕ್ಕ ಅಪಾಯಕ್ಕೆ. ಬೆರಳು ಹೋಗುವ ಜಾಗಕ್ಕೆ ಅದು ಸಾಲದು.

ಹಾಗಾದರೆ ಸಿ.ಟಿ.ಸಿ.ಗೆ ಬೆಳಕಿನ ಪರದೆ ಕೇಳೋಣವೇ? ಬೇಡ ಎಂಬುದು ನಮ್ಮ ಅಭಿಪ್ರಾಯ. ಸಂಘದೊಳಗೇ ಕೆಲವರಿಗೆ ಇದು ಹಿಡಿಸಿಲ್ಲ. ದುಬಾರಿಯದನ್ನು ಕೊಡಲು ಆಡಳಿತವರ್ಗ ತಯಾರಾಗಿರುವಾಗ ನಾವೇ ಬೇಡವೆನ್ನುವುದೇ ಎಂದು ಕೇಳುತ್ತಾರೆ. ಕಾರಣ ಹೇಳುತ್ತೇವೆ.

ಸಿ.ಟಿ.ಸಿ.ಯ ಎರಡು ಉಕ್ಕಿನ ರೋಲರುಗಳನ್ನು ನೀವೆಲ್ಲ ಬಲ್ಲಿರಿ. ಒಂದು ನಿಮಿಷಕ್ಕೆ ಸುಮಾರು 70 ಸುತ್ತು, ಇನ್ನೊಂದು ಸುಮಾರು 700. ಅಷ್ಟು ಭಾರದ ಉಕ್ಕು ಸ್ವಿಚ್ಚು ಆರಿಸಿದ ಕ್ಷಣಕ್ಕೆ ನಿಲ್ಲುವುದಿಲ್ಲ. ಪರದೆ ಯಂತ್ರವನ್ನು ಹಿಡಿದು ನಿಲ್ಲಿಸುವುದಿಲ್ಲ, ನಿಲ್ಲು ಎಂದು ಹೇಳುತ್ತದೆ ಅಷ್ಟೆ. ಪರದೆ ದಾಟಿದ ಕೈ ಹಲ್ಲನ್ನು ಮುಟ್ಟುವುದರೊಳಗೆ ಯಂತ್ರ ನಿಂತಿರಬೇಕು. ಇದಕ್ಕೆ ಲೆಕ್ಕವಿದೆ. ಐ.ಎಸ್.ಒ. 13855 ಎಂಬ ಕಟ್ಟಳೆ, ಮನುಷ್ಯನು ನಡೆದು ಬಂದು ಕೈ ಚಾಚುವ ವೇಗ ಸೆಕೆಂಡಿಗೆ 1600 ಮಿಲಿಮೀಟರ್ ಎಂದು ಹಿಡಿಯುತ್ತದೆ. ಹತ್ತಿರದಲ್ಲಿ ಕೈ ಮಾತ್ರ ಚಾಚಿದರೆ 2000. ಯಂತ್ರ ನಿಲ್ಲಲು ಎರಡು ಸೆಕೆಂಡು ಬೇಕಾದರೆ ಪರದೆಯನ್ನು ರೋಲರಿನಿಂದ ಮೂರು ಮೀಟರಿಗಿಂತಲೂ ದೂರ ನಿಲ್ಲಿಸಬೇಕು. ನಮ್ಮ ಫ್ಯಾಕ್ಟರಿಗಳ ಓಣಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಜಾಗವಿದ್ದರೂ, ಪರದೆಗೂ ರೋಲರಿಗೂ ನಡುವೆ ಒಬ್ಬ ನಿಂತುಬಿಟ್ಟರೆ ಪರದೆ ಅವನನ್ನು ಕಾಣದು.

ಅಲ್ಲಿಗೆ ಬೇಕಾದದ್ದು ಹಳೆಯ ಕಾಲದ ಕಬ್ಬಿಣದ ಮುಚ್ಚಳ, ಅದು ತೆರೆದಿದ್ದರೆ ಮೋಟಾರು ಹೊರಡದಂತೆ ಒಂದು ಸ್ವಿಚ್ಚು, ರೋಲರು ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯದಂತೆ ಒಂದು ಚಿಲಕ. ಹೊಳೆಯುವ ದೀಪ ಅದರಲ್ಲಿಲ್ಲ, ನೋಡಲು ಬಂದವರಿಗೆ ತೋರಿಸಲು ಏನೂ ಇಲ್ಲ. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಮು ಅಪಾಯದ ಭಾಗಗಳಿಗೆ ಗಟ್ಟಿಯಾದ ಬೇಲಿ ಹಾಕಬೇಕು, ಯಂತ್ರ ಓಡುವಷ್ಟು ಹೊತ್ತೂ ಅದು ತನ್ನ ಜಾಗದಲ್ಲಿರಬೇಕು ಎಂದಿತ್ತು. 2025ರ ನವೆಂಬರಿನಿಂದ ಆ ಕಾಯಿದೆಯ ಜಾಗಕ್ಕೆ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆ ಬಂದಿದೆ. ಕಾನೂನಿನ ಹೆಸರು ಬದಲಾಯಿತು, ರೋಲರಿನ ಹಲ್ಲು ಬದಲಾಗಿಲ್ಲ.

ಪರದೆಗೆ ತಕ್ಕ ಜಾಗವೂ ಫ್ಯಾಕ್ಟರಿಯಲ್ಲಿ ಇರಬಹುದು. ಪ್ಯಾಕಿಂಗ್ ಕಡೆ ಗಾಳಿಯ ಒತ್ತಡದಿಂದ ಒತ್ತಿ ಅಂಟಿಸುವ ಯಂತ್ರಗಳಿರುತ್ತವೆ. ಅಲ್ಲಿ ನಿಮಿಷಕ್ಕೆ ಹತ್ತಾರು ಸಲ ಕೈ ಹೋಗಬೇಕು, ಮುಚ್ಚಳ ಹಾಕಿ ತೆಗೆಯುತ್ತಾ ಕೂತರೆ ಕೆಲಸ ಸಾಗದು. ಯಂತ್ರವೂ ಬೇಗ ನಿಲ್ಲುವಂಥದು. ಅಂಥ ಕಡೆ ಪರದೆಯನ್ನು ಒತ್ತಾಯಿಸಿ ಕೇಳೋಣ. 14 ಮಿಲಿಮೀಟರಿನದು ಬೆರಳನ್ನು ಹಿಡಿಯುತ್ತದೆ, 30ರದು ಅಂಗೈಯನ್ನು ಮಾತ್ರ. ಬೆಲೆ ಕಡಿಮೆಯೆಂದು 30ರದನ್ನು ಹತ್ತಿರ ತಂದು ಕೂರಿಸಿದರೆ ಬೆರಳು ಎಳೆಗಳ ನಡುವೆ ನುಸುಳಿ ಹೋಗುತ್ತದೆ. ಪರದೆಯ ಜೊತೆಗೆ ಅದೇ ದಪ್ಪದ ಒಂದು ಪರೀಕ್ಷೆಯ ಕೋಲು ಬರುತ್ತದೆ. ಆ ಕೋಲು ಸ್ಟೋರಿನ ಬೀರುವಿಗೆ ಸೇರದೆ ಪಾಳಿಯವರ ಕೈಯಲ್ಲಿರಬೇಕು. ಕೈ ಹಿಂತೆಗೆದ ಕೂಡಲೇ ಯಂತ್ರ ತಾನಾಗಿ ಹೊರಡಲೂ ಬಾರದು. ಮತ್ತೆ ಹೊರಡಿಸುವ ಗುಂಡಿ, ಒಳಗೆ ಯಾರೂ ಇಲ್ಲವೆಂದು ನೋಡಬಹುದಾದ ಜಾಗದಲ್ಲಿರಬೇಕು.

ಆ ಪುಟ್ಟ ಸೆನ್ಸರನ್ನೂ ನಾವು ತಿರಸ್ಕರಿಸುವುದಿಲ್ಲ. ಬೆಲ್ಟಿನ ಮೇಲೆ ಸೊಪ್ಪು ಗುಡ್ಡೆ ಬಿದ್ದಾಗ ತಿಳಿಸಲು ಅದನ್ನು ಹಾಕಲಿ. ಸೊಪ್ಪು ಸಮವಾಗಿ ಹೋದರೆ ಕಟ್ಟಿಕೊಳ್ಳುವುದು ಕಡಿಮೆ, ಕಟ್ಟಿಕೊಳ್ಳದಿದ್ದರೆ ಕೈ ಹಾಕುವ ಪ್ರಸಂಗವೇ ಇಲ್ಲ. ಅದನ್ನು ಬೆರಳಿನ ಕಾವಲೆಂದು ಲೆಕ್ಕಕ್ಕೆ ಬರೆಯುವುದಕ್ಕೆ ಮಾತ್ರ ನಾವು ಒಪ್ಪೆವು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಧೂಳಿನಿಂದ ಯಂತ್ರ ಪದೇ ಪದೇ ನಿಂತರೆ ಅಂದಿನ ಕಿಲೋ ಲೆಕ್ಕ ಮುಗಿಯುವುದಿಲ್ಲ. ಆಗ ಯಾರೋ ಒಬ್ಬರು ಸೆನ್ಸರಿನ ಎದುರಿಗೇ ಕನ್ನಡಿ ಚೂರು ಅಂಟಿಸುತ್ತಾರೆ, ಮುಚ್ಚಳದ ಸ್ವಿಚ್ಚಿಗೆ ತಂತಿ ಸುತ್ತುತ್ತಾರೆ. ಮೇಸ್ತ್ರಿಗಳು ನೋಡಿಯೂ ನೋಡದಂತೆ ಹೋಗುತ್ತಾರೆ. ನಮ್ಮ ಲೈನಿನ ಒಬ್ಬ ತಮ್ಮ ಎರಡು ಬೆರಳು ಕಳೆದುಕೊಂಡದ್ದು ಹೀಗೆ ತೆಗೆದಿಟ್ಟ ಮುಚ್ಚಳದ ಯಂತ್ರದಲ್ಲಿ. ವಿಚಾರಣೆಯ ಕಾಗದದಲ್ಲಿ 'ಅಜಾಗರೂಕತೆ' ಎಂಬ ಒಂದೇ ಮಾತು ಬಂತು. ನಾವು ಉಪದೇಶಿಯ ಕೆಲಸ ಮಾಡುವವರಾದ್ದರಿಂದ ನಮಗೆ ಧರ್ಮೋಪದೇಶಕಾಂಡದ 22ನೇ ಅಧ್ಯಾಯ ನೆನಪಾಯಿತು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಎಬ್ಬಿಸಬೇಕೆಂಬ ಕಟ್ಟಳೆ ಅಲ್ಲಿದೆ. ಬಿದ್ದವನು ನೋಡಿ ನಡೆದನೋ ಇಲ್ಲವೋ ಎಂದು ಅಲ್ಲಿ ಕೇಳಿಲ್ಲ.

ಬೆರಳಿನ ಬೆಲೆಯ ಮಾತು ಬಂದಾಗ ಇದೂ ತಿಳಿದಿರಲಿ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ಭಾಗ ನಷ್ಟ ಎಂದಿತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಎರಡೆಲೆ ಒಂದು ಕುಡಿ ಚಿವುಟುವ ನಮ್ಮ ಅಕ್ಕಂದಿರನ್ನು ಕೇಳಿದರೆ ಬೇರೆ ಲೆಕ್ಕ ಹೇಳುತ್ತಾರೆ. ಫ್ಯಾಕ್ಟರಿಯಲ್ಲಿ ಬೆರಳು ಕಳೆದುಕೊಂಡವನಿಗೆ ತೋಟದ ಕೆಲಸವೂ ಸಿಗದಂತಾಗುತ್ತದೆ.

ಸುರಕ್ಷತೆಯ ವಿಷಯ ಮಾತಾಡಲು ಆಡಳಿತವರ್ಗ ಕರೆದಿರುವ ಸಭೆಗೆ ನಾವು ಬರಿಗೈಯಲ್ಲಿ ಹೋಗಬಾರದು. ಅದಕ್ಕೆ ಮೊದಲು ಫಿಟ್ಟರ್ ಬಂಧುಗಳು ಒಂದು ಉಪಕಾರ ಮಾಡಬೇಕು. ಪ್ರತಿ ಸಿ.ಟಿ.ಸಿ.ಯ ಹತ್ತಿರ ಗಡಿಯಾರ ಹಿಡಿದು ನಿಂತು, ಸ್ವಿಚ್ಚು ಆರಿಸಿದ ಮೇಲೆ ರೋಲರು ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದು ತರಬೇಕು. ಮೂರು ಸಲ ನೋಡಿ ಬರೆಯಿರಿ, ಸೊಪ್ಪು ಇದ್ದಾಗ ಬೇರೆ, ಇಲ್ಲದಾಗ ಬೇರೆ. ಭಾನುವಾರ ಪೂಜೆ ಮುಗಿದ ಮೇಲೆ ಶಾಲೆಯ ಜಗುಲಿಯಲ್ಲಿ ಕೂತು ಲೆಕ್ಕ ಹಾಕೋಣ. ಆ ಕಪ್ಪು ಕೈಗವಸನ್ನೂ ಮರೆಯದೆ ತನ್ನಿ.