ಗಾಂಧಿಯ ಲಗ್ನದಲ್ಲಿ ಕುಜ

ಗಾಂಧೀಜಿಯವರದೆಂದು ಪ್ರಚಾರದಲ್ಲಿರುವ ಜಾತಕವನ್ನು ಬಿಡಿಸಿಟ್ಟರೆ ಮೊದಲು ಕಣ್ಣಿಗೆ ಬೀಳುವವನು ಕುಜ. ತುಲಾ ಲಗ್ನ, ಅದರಲ್ಲಿ ಕುಜ, ಶುಕ್ರ, ಬುಧ ಮೂವರೂ ಒಟ್ಟಿಗೆ ಕೂತಿದ್ದಾರೆ. ಕುಜನೆಂದರೆ ಯುದ್ಧ, ರಕ್ತ, ಆಯುಧ, ಮುಂಗೋಪ. ಅಹಿಂಸೆ ಎಂದಕೂಡಲೇ ನೆನಪಾಗುವ ಮನುಷ್ಯನ ಲಗ್ನದಲ್ಲಿ ಈತನಿಗೇನು ಕೆಲಸ? ಜ್ಯೋತಿಷಿ ತಡವರಿಸುವುದಿಲ್ಲ. ಕುಜ ಹೋರಾಟದ ಕಾರಕ, ಆದ್ದರಿಂದಲೇ ಗಾಂಧಿ ಹೋರಾಟಗಾರ. ಜತೆಯಲ್ಲಿ ಶುಕ್ರನಿದ್ದಾನೆ, ಮೇಷದಲ್ಲಿರುವ ಗುರು ಸಪ್ತಮ ದೃಷ್ಟಿಯಿಂದ ನೇರವಾಗಿ ನೋಡುತ್ತಿದ್ದಾನೆ, ಹಾಗಾಗಿ ಆ ಹೋರಾಟ ಹಿಂಸೆಗೆ ಇಳಿಯಲಿಲ್ಲ ಎನ್ನುತ್ತಾನೆ. ಸರಿ. ಆದರೆ 1948ರ ಜನವರಿ 30ರ ಮೂರು ಗುಂಡುಗಳ ಮಾತು ಬಂದಾಗ ಇದೇ ಕುಜ ಮತ್ತೆ ಎದ್ದುಬರುತ್ತಾನೆ. ತುಲಾ ಲಗ್ನಕ್ಕೆ ಎರಡು ಮತ್ತು ಏಳನೆಯ ಮನೆಗಳ ಒಡೆಯ ಕುಜ, ಎರಡೂ ಮಾರಕ ಸ್ಥಾನ, ಮಾರಕಾಧಿಪತಿ ಲಗ್ನದಲ್ಲೇ ಇದ್ದ ಮೇಲೆ ಶಸ್ತ್ರದಿಂದ ಸಾವು ಬಾರದೆ ಇದ್ದೀತೆ? ಗುರುವಿನ ದೃಷ್ಟಿ ಮಾತ್ರ ಈ ಸಲ ಯಾಕೋ ಕೆಲಸ ಮಾಡಲಿಲ್ಲ.

ಶುಕ್ರನ ಕಥೆ ಇನ್ನೂ ಸ್ವಾರಸ್ಯದ್ದು. ತುಲೆ ಶುಕ್ರನ ಸ್ವಂತ ಮನೆ, ಲಗ್ನ ಕೇಂದ್ರಸ್ಥಾನ; ಸ್ವಕ್ಷೇತ್ರದ ಶುಕ್ರ ಕೇಂದ್ರದಲ್ಲಿದ್ದರೆ ಅದು ಮಾಲವ್ಯ ಯೋಗ, ಪಂಚ ಮಹಾಪುರುಷ ಯೋಗಗಳಲ್ಲಿ ಒಂದು. ಅದರ ಫಲವೆಂದು ಗ್ರಂಥಗಳು ಹೇಳುವುದು ಸುಂದರ ಶರೀರ, ಒಳ್ಳೆಯ ಬಟ್ಟೆಬರೆ, ವಾಹನ, ಸ್ತ್ರೀಸುಖ, ಭೋಗಭಾಗ್ಯ. ಆ ಯೋಗವಿದ್ದವರು 1906ರಲ್ಲಿ ಬ್ರಹ್ಮಚರ್ಯದ ವ್ರತ ತೊಟ್ಟರು, 1921ರಲ್ಲಿ ಮಧುರೆಯಲ್ಲಿ ಮೇಲಂಗಿ ಬಿಟ್ಟು ತುಂಡು ಪಂಚೆಗೆ ಬಂದರು, ರೈಲಿನಲ್ಲಿ ಮೂರನೆಯ ದರ್ಜೆಯಲ್ಲಿ ಓಡಾಡಿದರು. ಇಲ್ಲೂ ಉತ್ತರ ಸಿದ್ಧವಾಗಿದೆ: ಕುಜ ಸೇರಿದ್ದರಿಂದ ಶುಕ್ರನ ಭೋಗ ತ್ಯಾಗವಾಗಿ ತಿರುಗಿತಂತೆ. ಅಂದರೆ ಕುಜನ ಹಿಂಸೆಯನ್ನು ಶುಕ್ರ ತಡೆದ, ಶುಕ್ರನ ಭೋಗವನ್ನು ಕುಜ ತಡೆದ. ಲಗ್ನದ ಕುಜನನ್ನೂ ಕುಜದೋಷವೆಂದು ಎಣಿಸಿ ಹುಡುಗಿಯರ ಮದುವೆ ನಿಲ್ಲಿಸುವವರು ನಮ್ಮ ನಡುವೆ ಇದ್ದಾರೆ. ಅದೇ ಕುಜನನ್ನು ಹೊತ್ತ ಈ ಜಾತಕದವರ ದಾಂಪತ್ಯ, 1944ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಕಸ್ತೂರಬಾ ತೀರಿಕೊಳ್ಳುವವರೆಗೆ, ಅರವತ್ತು ವರ್ಷ ದಾಟಿತ್ತು. ಅದಕ್ಕೂ ದೋಷಭಂಗದ ನಿಯಮ ಒಂದು ಸಿಕ್ಕೇ ಸಿಗುತ್ತದೆ.

ಗೇಲಿ ಮಾಡುವುದು ಇಲ್ಲಿ ಉದ್ದೇಶವಲ್ಲ. ಪ್ರಸಿದ್ಧರ ಜಾತಕ ಓದಿ ಸ್ವಭಾವ ಹೇಳುವ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿಯೇ ಇದೆ, ಅದಕ್ಕೆ ವಿದ್ವತ್ತಿನ ಗತ್ತೂ ಇದೆ. ಬೆಂಗಳೂರಿನ ಬಿ.ವಿ. ರಾಮನ್ ದಶಕಗಳ ಕಾಲ ‘ಅಸ್ಟ್ರಲಾಜಿಕಲ್ ಮ್ಯಾಗಜಿನ್’ ನಡೆಸಿದವರು. ಬುದ್ಧನಿಂದ ಗಾಂಧಿ, ನೆಹರೂ, ಹಿಟ್ಲರ್‌ವರೆಗೆ ಹೆಸರಾಂತರ ಜಾತಕಗಳನ್ನು ವಿಶ್ಲೇಷಿಸಿದ ಅವರ ‘ನೋಟಬಲ್ ಹೊರೋಸ್ಕೋಪ್ಸ್’ ಈಗಲೂ ಅಭ್ಯಾಸಿಗಳ ಕೈಪಿಡಿ. ಇಂಥ ಓದುಗಳಲ್ಲಿ ಶ್ರದ್ಧೆಯಿದೆ, ಲೆಕ್ಕವಿದೆ, ನೆನಪಿನ ಶಕ್ತಿಯಿದೆ. ನನ್ನ ತಕರಾರು ಒಂದೇ: ಓದುವವರ ಎದುರಿಗೆ ಇರುವುದು ಕುಂಡಲಿಯಾದರೂ ಅವರು ಓದುತ್ತಿರುವುದು ಕುಂಡಲಿಯನ್ನಲ್ಲ, ಈಗಾಗಲೇ ಎಲ್ಲರಿಗೂ ಗೊತ್ತಿರುವ ಜೀವನಚರಿತ್ರೆಯನ್ನು. ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುವ ಹುಡುಗನ ಹಾಗೆ, ಹೆಜ್ಜೆಗಳೆಲ್ಲ ಸರಿಯಾಗಿಯೇ ಕಾಣುತ್ತವೆ.

ಇದನ್ನು ಪರೀಕ್ಷಿಸಲು ಗಾಂಧೀಜಿಯ ಜಾತಕವೇ ಒಂದು ಅವಕಾಶ ಕೊಡುತ್ತದೆ. ಆತ್ಮಕಥೆಯಲ್ಲಿ ಅವರು ಹುಟ್ಟಿದ ಊರು ಪೋರಬಂದರ್ ಎಂದು, ದಿನ 1869ರ ಅಕ್ಟೋಬರ್ 2 ಎಂದು ಬರೆದಿದ್ದಾರೆ. ಗುಜರಾತಿ ಲೆಕ್ಕದಲ್ಲಿ ಅದು ಭಾದ್ರಪದ ಬಹುಳ ದ್ವಾದಶಿ, ಅಲ್ಲಿ ಈಗಲೂ ‘ರೇಂಟಿಯಾ ಬಾರಸ್’ ಎಂದು ಚರಕದ ಹೆಸರಿನಲ್ಲಿ ಆಚರಿಸುವ ದಿನ. ಗಳಿಗೆಯನ್ನು ಮಾತ್ರ ಬರೆದಿಲ್ಲ. ಬೆಳಗಿನ ಏಳು ಗಂಟೆ ದಾಟಿತ್ತು ಎಂದು ಹಿಡಿದರೆ ತುಲಾ ಲಗ್ನ ಬರುತ್ತದೆ. ಅರ್ಧ ಗಂಟೆ ಹಿಂದೆ ಸರಿದರೆ ಕನ್ಯಾ ಲಗ್ನ. ಅದನ್ನೇ ಸರಿ ಎನ್ನುವ ಜ್ಯೋತಿಷಿಗಳೂ ಇದ್ದಾರೆ. ಲಗ್ನ ಬದಲಾದರೆ ಮನೆಗಳೆಲ್ಲ ಬದಲಾಗುತ್ತವೆ, ಸ್ವಭಾವವೂ ಬದಲಾಗಬೇಕು. ಹಾಗಾದರೆ ಕನ್ಯಾ ಲಗ್ನ ಇಟ್ಟುಕೊಂಡೇ ಓದಿ ನೋಡೋಣ. ಕನ್ಯೆಯ ಒಡೆಯ ಬುಧ: ಶುಚಿ, ಲೆಕ್ಕಾಚಾರ, ಸೇವೆ, ಪಥ್ಯ. ಕಕ್ಕಸು ತೊಳೆಯುವುದನ್ನು ವ್ರತದಂತೆ ನಡೆಸಿದ, ಪೈಸೆ ಪೈಸೆಗೂ ಲೆಕ್ಕವಿಟ್ಟ, ಆಹಾರದ ಪ್ರಯೋಗಗಳಲ್ಲೇ ಬದುಕು ಕಳೆದವರಿಗೆ ಇದಕ್ಕಿಂತ ಹೊಂದುವ ಲಗ್ನ ಎಲ್ಲಿದೆ? ಲಗ್ನದಲ್ಲಿ ರವಿ, ಹಾಗಾಗಿ ನಾಯಕ. ಕುಜ, ಶುಕ್ರ, ಬುಧ ಎರಡನೆಯ ವಾಕ್‌ಸ್ಥಾನದಲ್ಲಿ, ಹಾಗಾಗಿ ಮಾತೇ ಅವರ ಆಯುಧ. ಮೂರರಲ್ಲಿ ಶನಿ, ಅಲುಗದ ಧೈರ್ಯ. ಹನ್ನೊಂದರಲ್ಲಿ ಸ್ವಕ್ಷೇತ್ರದ ಚಂದ್ರ, ಜನಬಲ. ಅಷ್ಟಮದಲ್ಲಿ ಗುರು, ತಪಸ್ಸು ಮತ್ತು ಸಾವಿನ ಬಗ್ಗೆ ನಿರ್ಭಯ. ಇದನ್ನು ಹೊಸೆಯಲು ಹೆಚ್ಚು ಹೊತ್ತೇನೂ ಬೇಕಿಲ್ಲ, ಪಾಂಡಿತ್ಯವೂ ಬೇಕಿಲ್ಲ. ತುಲಾ ಲಗ್ನದ ಗಾಂಧಿಯೂ ಗಾಂಧಿಯೇ, ಕನ್ಯಾ ಲಗ್ನದ ಗಾಂಧಿಯೂ ಗಾಂಧಿಯೇ. ಪಾಶ್ಚಾತ್ಯರ ಸಾಯನ ಪದ್ಧತಿಯಲ್ಲಿ ಅಯನಾಂಶ ಕಳೆಯುವುದಿಲ್ಲ, ಹಾಗಾಗಿ ನಮ್ಮ ಕನ್ಯೆಯ ರವಿ ಅವರಿಗೆ ತುಲೆಯ ರವಿ. ಅವರು ತಕ್ಕಡಿಯನ್ನು ತೋರಿಸಿ ‘ನೋಡಿ, ನ್ಯಾಯ, ಸಮತೋಲ, ಶಾಂತಿ’ ಎನ್ನುತ್ತಾರೆ. ಅದೂ ಹೊಂದುತ್ತದೆ.

ಯಾವ ಬೀಗಕ್ಕೆ ಹಾಕಿದರೂ ತಿರುಗುವ ಕೀಲಿಕೈ ಒಂದಿದ್ದರೆ ಅದರಿಂದ ಮನೆ ಯಾರದೆಂದು ತಿಳಿಯುವುದಿಲ್ಲ. ಹೊಂದಿಕೆಯ ಅನುಭವ ಎಷ್ಟು ಅಗ್ಗ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲೇ ತೋರಿಸಿದ್ದರು. 39 ವಿದ್ಯಾರ್ಥಿಗಳಿಗೆ ಅವರವರ ವ್ಯಕ್ತಿತ್ವ ವಿವರಣೆ ಎಂದು ಹೇಳಿ ಎಲ್ಲರಿಗೂ ಒಂದೇ ಹಾಳೆ ಕೊಟ್ಟರು. ಅದರ ಸಾಲುಗಳು ಹೆಚ್ಚಿನವು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷ ಪುಸ್ತಕದಿಂದ ಎತ್ತಿದ್ದು. ಐದಕ್ಕೆ ಸರಾಸರಿ 4.26 ಅಂಕ ಬಂತು. ಫ್ರಾನ್ಸಿನ ಮಿಶೆಲ್ ಗೋಕ್ಲೆನ್ ಮಾಡಿದ್ದು ಇನ್ನೂ ಕಟುವಾದ ಪ್ರಯೋಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಮಾರ್ಸೆಲ್ ಪೆಟಿಯೊ ಎಂಬ ವೈದ್ಯನಿದ್ದ. ನಾಜಿಗಳಿಂದ ಪಾರು ಮಾಡುತ್ತೇನೆಂದು ಜನರನ್ನು ಕರೆಸಿ ಕೊಂದು ದೋಚುತ್ತಿದ್ದ; 26 ಕೊಲೆಗಳಿಗಾಗಿ 1946ರಲ್ಲಿ ಅವನ ತಲೆ ತೆಗೆದರು. ಗೋಕ್ಲೆನ್ ಅವನ ಜನನ ವಿವರವನ್ನು ಕಂಪ್ಯೂಟರ್ ಜಾತಕ ಬರೆದುಕೊಡುವ ಸಂಸ್ಥೆಗೆ ಕಳಿಸಿದರು, ಬಂದ ವ್ಯಕ್ತಿತ್ವ ವಿವರಣೆ ಸಜ್ಜನನೊಬ್ಬನದು. ಅದೇ ವಿವರಣೆಯನ್ನು, ಪತ್ರಿಕೆಯಲ್ಲಿ ಉಚಿತ ಜಾತಕದ ಜಾಹೀರಾತು ನೋಡಿ ಬರೆದ 150 ಮಂದಿಗೆ ಹಂಚಿದರು. ಶೇ 94ರಷ್ಟು ಜನ ‘ಇದು ನಾನೇ’ ಎಂದರು.

ಇಲ್ಲಿ ಬಲ್ಲವರು ಎದ್ದುನಿಂತು ಆಕ್ಷೇಪಿಸುವುದು ನ್ಯಾಯವೇ. ‘ರವಿ ರಾಶಿಯ ಭವಿಷ್ಯ, ಕಂಪ್ಯೂಟರ್ ಜಾತಕ ಇವೆಲ್ಲ ಜ್ಯೋತಿಷವಲ್ಲ, ನವಾಂಶ, ದಶಾಭುಕ್ತಿ, ಷಡ್ಬಲ ಎಲ್ಲ ನೋಡಿ ಅನುಭವಸ್ಥರು ಹೇಳಬೇಕು’ ಎಂಬುದು ಅವರ ಮಾತು. 1904ರ ಅಕ್ಟೋಬರ್ 2ರಂದೇ ಮೊಗಲ್‌ಸರಾಯಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯೂ ಇಂಗ್ಲೆಂಡಿನಲ್ಲಿ ಕಾದಂಬರಿಕಾರ ಗ್ರಹಾಂ ಗ್ರೀನ್ ಕೂಡ ಹುಟ್ಟಿದರು, ಒಬ್ಬರು ರೈಲು ಅಪಘಾತಕ್ಕೆ ನೈತಿಕ ಹೊಣೆ ಹೊತ್ತು ಮಂತ್ರಿಗಿರಿ ಬಿಟ್ಟ ಸರಳಜೀವಿ, ಇನ್ನೊಬ್ಬರು ಬೇಹುಗಾರಿಕೆ, ಕುಡಿತ, ಪರಸ್ತ್ರೀ ಸಂಗ ಎಲ್ಲ ಕಂಡ ಅಲೆಮಾರಿ ಎಂದರೆ, ‘ಲಗ್ನ ಬೇರೆ ಸ್ವಾಮಿ’ ಎಂದು ಅವರು ಹೇಳಬಹುದು. ಒಪ್ಪೋಣ. ಆದರೆ ಅನುಭವಸ್ಥರನ್ನು ಪೂರ್ಣ ಜಾತಕದೊಂದಿಗೇ ಪರೀಕ್ಷಿಸಿದ್ದೂ ಇದೆ, ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೇ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ನೂರು ಪ್ರತಿಭಾವಂತ ವಿದ್ಯಾರ್ಥಿಗಳು, ನೂರು ಬುದ್ಧಿಮಾಂದ್ಯ ಮಕ್ಕಳು, ಹೀಗೆ 200 ಜಾತಕ ಕಲೆಹಾಕಿದರು. ಹೆಸರಿಲ್ಲದ ನಲವತ್ತು ನಲವತ್ತು ಜಾತಕಗಳನ್ನು ಪಡೆದು ಉತ್ತರ ಕಳಿಸಿದವರು 27 ಜ್ಯೋತಿಷಿಗಳು. ಸರಿಯಾದದ್ದು ಸರಾಸರಿ ಶೇ 46. ಎಲ್ಲರಿಗಿಂತ ಚೆನ್ನಾಗಿ ಹೇಳಿದವರದು ನಲವತ್ತಕ್ಕೆ 24. ಇನ್ನೂರನ್ನೂ ನೋಡಿದ ಒಂದು ಸಂಸ್ಥೆಯದು 102. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಬುದ್ಧಿ ಬೇರೆ, ಸ್ವಭಾವ ಬೇರೆ ಎನ್ನಬಹುದು; ಆದರೆ ಪಂಚಮ ಸ್ಥಾನ ನೋಡಿ ಬುದ್ಧಿ ಹೇಳುತ್ತೇವೆ ಎನ್ನುವ ಶಾಸ್ತ್ರಕ್ಕೆ ಇದಕ್ಕಿಂತ ಸುಲಭದ ಪ್ರಶ್ನೆ ಕೇಳಲು ಬರುವುದಿಲ್ಲ. ಸ್ವಭಾವವನ್ನೇ ಇಟ್ಟುಕೊಂಡು ಅಮೆರಿಕದಲ್ಲಿ ಶಾನ್ ಕಾರ್ಲ್‌ಸನ್ ನಡೆಸಿದ ಪರೀಕ್ಷೆಯ ವರದಿ 1985ರಲ್ಲಿ ‘ನೇಚರ್’ನಲ್ಲಿ ಬಂತು: ಒಂದು ಜಾತಕ, ಮೂರು ವ್ಯಕ್ತಿತ್ವ ವರದಿ, ಆ ಜಾತಕದವರದು ಯಾವುದು ಹೇಳಿ ಎಂದರೆ ಜ್ಯೋತಿಷಿಗಳ ಉತ್ತರ ಮೂರಕ್ಕೆ ಒಂದರಷ್ಟೇ ಸರಿಯಾಯಿತು. ಅದರ ಅಂಕಿಅಂಶದ ಬಗ್ಗೆ ಆಮೇಲೆ ವಾದವೆದ್ದಿದೆ, ಹಾಗಾಗಿ ಅದರ ಮೇಲೆ ಪೂರ್ತಿ ಭಾರ ಹಾಕಲಾರೆ.

ಶಾಸ್ತ್ರ ಸಂಕೀರ್ಣವೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ತೊಡಕು ಇರುವುದೇ ಅಲ್ಲಿ. ಒಂಬತ್ತು ಗ್ರಹ, ಹನ್ನೆರಡು ಮನೆ, ದೃಷ್ಟಿ, ಯುತಿ, ಉಚ್ಚ, ನೀಚ, ನೀಚಭಂಗ, ದೋಷ, ದೋಷಕ್ಕೆ ಅಪವಾದ: ದಾರಿಗಳು ಹೆಚ್ಚಿದಷ್ಟೂ ಮುಟ್ಟಬೇಕಾದ ಊರನ್ನು ಹೇಗಾದರೂ ಮುಟ್ಟಬಹುದು. ಗಾಂಧಿಯ ನಾಚಿಕೆಯನ್ನೇ ತೆಗೆದುಕೊಳ್ಳಿ. ಬಾಂಬೆಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದುನಿಂತಾಗ ಅವರ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ, ಫೀಜು ಹಿಂದಿರುಗಿಸಿ ಹೊರನಡೆದರು. ಲಗ್ನದಲ್ಲಿ ಬುಧನಿದ್ದೂ ಹೀಗೇಕೆ? ತುಲಾ ಲಗ್ನಕ್ಕೆ ಎರಡನೆಯ ವಾಕ್‌ಸ್ಥಾನದಲ್ಲಿ ಶನಿ, ಅದಕ್ಕೇ ಮಾತು ತಡವಾಯಿತು. ಮುಂದೆ ಅವರ ಮೆಲುದನಿಗೆ ದೇಶವೇ ಕಿವಿಗೊಟ್ಟಿತಲ್ಲ? ಅದೂ ಶನಿಯದೇ, ತೂಕದ ಮಾತು. ಗಾಂಧಿ ಕೊಡುವ ವಿವರಣೆ ಇಷ್ಟು ಅನುಕೂಲದ್ದಲ್ಲ. ಮಾತಾಡಲು ಹೆದರುತ್ತಿದ್ದುದರಿಂದಲೇ ಪದಗಳನ್ನು ಅಳೆದು ಬಳಸುವ ಅಭ್ಯಾಸ ಬಂತು ಎಂದು ಆತ್ಮಕಥೆಯಲ್ಲಿ ಹೇಳಿಕೊಳ್ಳುತ್ತಾರೆ. ಕೊರತೆಯೊಂದನ್ನು ವರ್ಷಗಟ್ಟಲೆ ತಿದ್ದಿ ಗುಣವಾಗಿಸಿಕೊಂಡ ಮನುಷ್ಯ ಅಲ್ಲಿ ಕಾಣುತ್ತಾನೆ. 1893ರ ಚಳಿಯ ರಾತ್ರಿ ರೈಲಿನಿಂದ ಹೊರದಬ್ಬಿಸಿಕೊಂಡು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಊರಿಗೆ ಮರಳುವುದೋ ನಿಲ್ಲುವುದೋ ಎಂದು ಕೂತು ಯೋಚಿಸಿದವರೂ ಅವರೇ. ಜಾತಕದಲ್ಲಿ ಈ ಯೋಚನೆಗೆ ಮನೆಯಿಲ್ಲ. ‘ಗ್ರಹಗಳು ಪ್ರವೃತ್ತಿ ಮಾತ್ರ ಕೊಡುತ್ತವೆ, ಪುರುಷಪ್ರಯತ್ನ ಇದ್ದೇ ಇದೆ’ ಎಂದು ಮೃದುವಾಗಿ ವಾದಿಸುವವರಿಗೆ ಕೇಳಬೇಕಾದ್ದು ಇದು: ಭೋಗದ ಯೋಗ ಹೊತ್ತವರು ಫಕೀರರಾದರೆ, ಯುದ್ಧದ ಗ್ರಹ ಹೊತ್ತವರು ಅಹಿಂಸೆಯನ್ನು ಹಿಡಿದರೆ, ಪ್ರವೃತ್ತಿ ಹೇಳಿದ್ದೇನು?

‘ಇದರಿಂದ ಯಾರಿಗೇನು ನಷ್ಟ, ನಾಲ್ಕು ಜನ ಕೂತು ಮಾತಾಡಿಕೊಳ್ಳುವ ವಿಷಯ’ ಎಂಬುದು ಕೊನೆಯ ಆಕ್ಷೇಪ. ಖಾಸಗಿ ಬದುಕಿನ ಮಟ್ಟಿಗೆ ನಾನೂ ಜಗಳಕ್ಕೆ ಹೋಗಲಾರೆ. ಗುರುಬಲ, ಸಾಡೇಸಾತಿ, ವಕ್ರದೃಷ್ಟಿ ಇಲ್ಲದೆ ಕನ್ನಡದ ಮಾತೇ ಬಡವಾದೀತು. ಕಷ್ಟಕ್ಕೊಂದು ಹೆಸರು ಸಿಕ್ಕರೆ ಹೊರೆ ಹಗುರಾಗುವುದೂ ಇದೆ. ಸಾರ್ವಜನಿಕ ವ್ಯಕ್ತಿಯ ವಿಷಯ ಬೇರೆ. ಚುನಾವಣೆ ಹತ್ತಿರವಾದಂತೆ ಟಿ.ವಿ.ಯಲ್ಲಿ ನಾಯಕರ ಕುಂಡಲಿಗಳು ಬಿಚ್ಚಿಕೊಳ್ಳುತ್ತವೆ. ಒಬ್ಬರ ಸಿಟ್ಟಿಗೆ ಕುಜ ಕಾರಣ, ಒಬ್ಬರ ಪಕ್ಷಾಂತರಕ್ಕೆ ರಾಹು, ಮತ್ತೊಬ್ಬರ ಹಟಕ್ಕೆ ಶನಿ. ಅಧಿಕಾರಿಯ ಮೇಲೆ ಕೂಗಾಡಿದ ಮಂತ್ರಿಯನ್ನು ‘ಏಕೆ ಕೂಗಾಡಿದಿರಿ’ ಎಂದು ಕೇಳಬೇಕಾದ ಜಾಗದಲ್ಲಿ ಕುಜ ಬಂದು ಕೂತರೆ ಮಂತ್ರಿ ಆರಾಮವಾಗಿ ಪಕ್ಕಕ್ಕೆ ಸರಿಯುತ್ತಾನೆ. ಹೊಗಳಿಕೆಯೂ ಹಾಗೆಯೇ ಕೆಲಸ ಮಾಡುತ್ತದೆ: ರಾಜಯೋಗವಿದ್ದವನಿಗೆ ಕುರ್ಚಿ ಬಂದರೆ ಅದು ಮತದಾರರ ತೀರ್ಮಾನವಲ್ಲ, ಹುಟ್ಟಿನ ಹಕ್ಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿ ಸಾಕಷ್ಟು ಬೈಸಿಕೊಂಡರು. ಅವರು 1936ರಲ್ಲಿ, ಶಾಲಾ ಬಾಲಕನಾಗಿದ್ದಾಗ, ಬೆಂಗಳೂರಿಗೆ ಬಂದ ಗಾಂಧೀಜಿಯ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದವರು, ಕೊನೆಯವರೆಗೆ ಖಾದಿ ಬಿಡದವರು. ಗಾಂಧಿಯೇನೂ ವಿಚಾರವಾದಿಯಲ್ಲ, 1934ರ ಬಿಹಾರ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಹೇಳಿ ಟಾಗೋರರಿಂದ ಆಕ್ಷೇಪಿಸಿಕೊಂಡರು. ಆದರೂ ತಮ್ಮ ತಪ್ಪುಗಳನ್ನು ಅವರು ಗ್ರಹಗಳ ತಲೆಗೆ ಕಟ್ಟಲಿಲ್ಲ. 1922ರಲ್ಲಿ ಚೌರಿ ಚೌರಾದ ಹಿಂಸೆಯ ನಂತರ ಚಳವಳಿ ನಿಲ್ಲಿಸಿದಾಗ ಸ್ವಂತ ಸಂಗಡಿಗರೇ ಸಿಟ್ಟಾದರು. ಅವರಿಗೆ ಗಾಂಧಿ ಕೊಟ್ಟದ್ದು ಕಾರಣಗಳನ್ನು, ಒಪ್ಪಬಹುದಾದ ಅಥವಾ ತಳ್ಳಿಹಾಕಬಹುದಾದ ಕಾರಣಗಳನ್ನು.

ವಾದ ಮುಗಿಯಬೇಕೆಂದರೆ ಖರ್ಚಿಲ್ಲದ ಒಂದು ದಾರಿಯಿದೆ. ಮುಂದಿನ ಚುನಾವಣೆಗೆ ನಾಯಕರ ಸ್ವಭಾವ ಹೇಳಿಸಲು ಹೊರಡುವ ವಾಹಿನಿ ಮೊದಲು ಹತ್ತು ಲಕೋಟೆ ತರಿಸಲಿ. ಒಂದೊಂದರಲ್ಲಿ ಒಬ್ಬೊಬ್ಬ ಪ್ರಸಿದ್ಧರ ಜನನದ ದಿನ, ವೇಳೆ, ಊರು ಇರಲಿ, ಹೆಸರು ಬೇಡ. ವೇಳೆ ದಾಖಲೆಯಲ್ಲಿ ಇರುವವರನ್ನೇ ಆರಿಸಿದರೆ ಲಗ್ನದ ತಕರಾರೂ ಉಳಿಯುವುದಿಲ್ಲ. ದಿನಾಂಕ ನೋಡಿಯೇ ಗುರುತು ಹಿಡಿಯುವ ಭಯವಿದ್ದರೆ ಕುಂಡಲಿ ಮಾತ್ರ ಬರೆದುಕೊಟ್ಟರಾಯಿತು. ಪಂಡಿತರು ಪ್ರತಿಯೊಬ್ಬರ ಸ್ವಭಾವ ಬರೆದು, ಸಹಿ ಹಾಕಿ, ಮೊಹರು ಮಾಡಿ ಕೊಡಲಿ. ಹೆಸರುಗಳನ್ನು ಆಮೇಲೆ ನೇರ ಪ್ರಸಾರದಲ್ಲೇ ಬಿಚ್ಚೋಣ. ಹತ್ತರಲ್ಲಿ ಒಂದು ಲಕೋಟೆ ಆ ಪ್ಯಾರಿಸ್ಸಿನ ಡಾಕ್ಟರನದಾಗಿರಲಿ.