ನಿಮ್ಮ ಹೀರೋಗೆ ಅಂಜಿಕೆ ಯಾವುದರದು?



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹುಡುಗರ ಸಿನಿಮಾ ಹುಚ್ಚಿನ ಬಗ್ಗೆ ಹೊಸದಾಗಿ ಹೇಳಬೇಕೆ? ಪಗಾರ ಬಂದ ದಿನ ಅಕ್ಕಿ ಮರೆತರೂ ಟಿಕೆಟ್ಟು ಮರೆಯದ ಜನ ನೀವು! ಈ ಹುಚ್ಚಿನಲ್ಲೇ ಕೆಲವರು ನೋಟ್‌ಬುಕ್ಕು ಹಿಡಿದು ಕಥೆ ಬರೆಯಲು ಕೂಡುತ್ತೀರಿ. ಬಹಳ ಸಂತೋಷ. ಆದರೆ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಏನಿರುತ್ತದೆ?

‘ನಾಯಕ ವಿಜಯ್. ಆರಡಿ ಎತ್ತರ. ಬಡವರ ಬಂಧು. ಅನ್ಯಾಯ ಕಂಡರೆ ಸಿಡಿಲು.’ ಎರಡನೆಯ ಪುಟದಲ್ಲಿ, ‘ಖಳನಾಯಕ ಭೂಪತಿ. ದಪ್ಪ ಮೀಸೆ. ಮಹಾ ಕ್ರೂರಿ.’ ಮೂರನೆಯದರಲ್ಲಿ, ‘ನಾಯಕಿ ಚೆಲುವೆ.’ ಮುಗೀತು! ಇವರು ಮನುಷ್ಯರೋ, ಗೋಡೆಗೆ ಹಚ್ಚಿದ ಪೋಸ್ಟರುಗಳೋ? ಪೋಸ್ಟರು ನೋಡಲು ಚೆಂದ. ಒಂದು ಮಳೆ ಬಿದ್ದರೆ ಹರಿದು ಜೋತಾಡುತ್ತದೆ.

ಮಳೆಗೆ ಹರಿಯದ ಒಬ್ಬನನ್ನು ತೆಗೆದುಕೊಳ್ಳಿ. ನಮ್ಮ ರಾಮಾಚಾರಿ! ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. ಆಮೇಲೆ ಎಷ್ಟು ಹೀರೋಗಳು ಬಂದರು, ಹೋದರು! ರಾಮಾಚಾರಿ ಮಾತ್ರ ಇನ್ನೂ ನಮ್ಮ ನಡುವೆ ಓಡಾಡುತ್ತಿದ್ದಾನೆ. ಯಾಕೆ? ವಿಷ್ಣುವರ್ಧನ್ ಅವರ ಕಣ್ಣಿನ ಕಿಡಿಯಿಂದಲೇ? ಅದೂ ಹೌದು. ಆದರೆ ಆ ಕಿಡಿಗೆ ಎಣ್ಣೆ ಎರೆದದ್ದು ಬರವಣಿಗೆ.

ರಾಮಾಚಾರಿ ಒಳ್ಳೆಯವನೆ? ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿ ಮಾನ ಕಳೆದವನು ಒಳ್ಳೆಯವನು ಹೇಗಾದಾನು? ಹಾಗಾದರೆ ಕೆಟ್ಟವನೆ? ಚಾಮಯ್ಯ ಮೇಷ್ಟ್ರ ಮುಂದೆ ನಿಂತಾಗ ಅವನ ಮುಖ ನೋಡಿ ಹೇಳಿ! ಊರೆಲ್ಲ ತಂಟೆಕೋರ ಎಂದು ದೂರ ಇಟ್ಟಾಗ ‘ಇವನಲ್ಲಿ ಮನುಷ್ಯತ್ವವಿದೆ’ ಎಂದು ನಂಬಿದವರು ಆ ಮೇಷ್ಟ್ರು. ಆದ್ದರಿಂದ ಜಗತ್ತನ್ನೇ ಎದುರು ಹಾಕಿಕೊಳ್ಳುವ ಹುಡುಗ ಅವರೊಬ್ಬರ ಮಾತನ್ನು ಮೀರಲಾರ. ಅವರು ಹೇಳಿದರೆಂದು ಅಲಮೇಲುವನ್ನೇ ಬಿಟ್ಟುಕೊಡುತ್ತಾನೆ. ಕಥೆಯ ಗಂಟು ಬಿದ್ದದ್ದು ಅಲ್ಲಿಯೇ.

ಈಗ ಮೇಷ್ಟ್ರನ್ನು ನೋಡಿ. ಕೆ.ಎಸ್. ಅಶ್ವತ್ಥ್ ಅವರ ಆ ಶಾಂತ ಮುಖದಲ್ಲಿ ಒಂದು ತೊಟ್ಟು ಕೇಡಿಲ್ಲ. ಆದರೂ ಜಾತಿ, ಸಮಾಜ ಎಂದು ಹೆದರಿ ಅವರು ಕೊಟ್ಟ ಬುದ್ಧಿಮಾತು ಕೊನೆಗೆ ಎಷ್ಟು ಬಾಳನ್ನು ಸುಟ್ಟಿತು! ಒಳ್ಳೆಯ ಮನುಷ್ಯ, ಒಳ್ಳೆಯ ಉದ್ದೇಶ, ಕೆಟ್ಟ ಫಲ. ದಪ್ಪ ಮೀಸೆಯ ಭೂಪತಿ ಸಾವಿರ ಬೆಂಕಿ ಹಚ್ಚಿದರೂ ಹೊಟ್ಟೆಯಲ್ಲಿ ಈ ಸಂಕಟ ಹುಟ್ಟುವುದಿಲ್ಲ.

ಇನ್ನೊಂದು ಸಂಗತಿ. ಸಿನಿಮಾ ನೋಡಿದ ತ.ರಾ.ಸು. ಅವರಿಗೆ ಸಮಾಧಾನವಾಗಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಪಟ್ಟರೆಂಬ ಮಾತು ಚಿತ್ರರಂಗದಲ್ಲಿ ಮನೆಮಾತು. ಯಾರು ಸರಿ ಎಂಬ ಜಗಳ ನಮಗೆ ಬೇಡ. ತಾನು ಹಡೆದ ಪಾತ್ರಕ್ಕಾಗಿ ಹೆತ್ತ ತಂದೆಯಂತೆ ನೊಂದುಕೊಂಡರಲ್ಲ, ಅದನ್ನು ಗಮನಿಸಿ. ಪಾತ್ರವನ್ನು ಅಷ್ಟು ಬಲ್ಲವರು ಮಾತ್ರ ಹಾಗೆ ನೋಯಬಲ್ಲರು.

ಹಾಗಾದರೆ ಬಲ್ಲುವುದು ಹೇಗೆ? ಮೂರು ಪ್ರಶ್ನೆ ಕೇಳಿ. ಇವನಿಗೆ ಏನು ಬೇಕು? ಯಾವುದಕ್ಕೆ ಅಂಜುತ್ತಾನೆ? ಯಾರ ಮಾತು ಮೀರಲಾರ? ಎತ್ತರ, ಬಣ್ಣ, ಮೀಸೆ ಆಮೇಲೆ. ಅದನ್ನು ಮೇಕಪ್‌ನವರು ನೋಡಿಕೊಳ್ಳುತ್ತಾರೆ!

ಒಂದು ಪ್ರಯೋಗ ಮಾಡೋಣ. ಶಹಾಬಾದಿನ ಪರಸಿ ಕಲ್ಲಿನ ಗಣಿ. ಪದರ ಪದರವಾಗಿ ಏಳುವ ಆ ಕಲ್ಲು ನಮ್ಮಲ್ಲಿ ಯಾರ ಮನೆಯ ನೆಲದಲ್ಲಿಲ್ಲ? ಅಲ್ಲೊಬ್ಬ ಗುತ್ತೇದಾರ ನಿಮ್ಮ ಖಳನಾಯಕ ಎಂದಿಟ್ಟುಕೊಳ್ಳಿ. ಪಗಾರದ ದಿನ ಕೊಟ್ಟ ಮುಂಗಡ ಮುರಿದುಕೊಂಡು ಕೂಲಿಯವರ ಕೈಗೆ ಚಿಲ್ಲರೆ ಹಾಕುತ್ತಾನೆ. ಇಷ್ಟೇ ಆದರೆ ಅವನೂ ಪೋಸ್ಟರೇ. ಈಗ ಅವನ ಎಡಗೈ ನೋಡಿ, ಎರಡು ಬೆರಳಿನ ತುದಿ ಇಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಇದೇ ಗಣಿಯಲ್ಲಿ ಚಪ್ಪಡಿ ಬಿದ್ದು ಹೋದದ್ದು. ಅವನಿಗೆ ಬೇಕಾದದ್ದು ರೊಕ್ಕವಲ್ಲ, ಮತ್ತೆ ಆ ಕುಣಿಗೆ ಇಳಿಯದಿರುವುದು. ಅಂಜಿಕೆ ಬಡತನದ್ದು. ಆದ್ದರಿಂದಲೇ ಕೂಲಿಯವರ ಮಕ್ಕಳು ಕುಣಿಯ ಹತ್ತಿರ ಬಂದರೆ ಬೈದು ಓಡಿಸುತ್ತಾನೆ. ಅವರಪ್ಪಂದಿರ ಕೂಲಿಯನ್ನು ಮಾತ್ರ ಬಿಡುವುದಿಲ್ಲ. ಈಗ ಹೇಳಿ, ಇವನ ಮೇಲೆ ನಿಮ್ಮ ಹೀರೋ ಕೈ ಎತ್ತಿದರೆ ಟಾಕೀಸಿನಲ್ಲಿ ಸುಮ್ಮನೆ ಸೀಟಿ ಹಾಕಲಾದೀತೆ? ಕೈ ಎತ್ತಿದವನ ಎದೆಯೂ ಒಂದು ಕ್ಷಣ ತಡೆಯಬೇಕು. ಅದೇ ಸಿನಿಮಾ!

‘ಇಷ್ಟೆಲ್ಲ ಹಿಂದಿನ ಕಥೆ ತೆರೆಯ ಮೇಲೆ ಹೇಳಲು ವೇಳೆ ಎಲ್ಲಿದೆ?’ ಎಂದು ನೀವು ಕೇಳಬಹುದು. ಹೇಳಬೇಡಿ! ನೀವು ತಿಳಿದಿದ್ದರೆ ಸಾಕು. ನೋಟು ಎಣಿಸುವಾಗ ಆ ಮೊಂಡು ಬೆರಳು ಕಂಡರೆ ಪ್ರೇಕ್ಷಕನಿಗೆ ಅರ್ಥವಾಗುತ್ತದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯ ಗಡ್ಡಪ್ಪನನ್ನು ನೆನಪಿಸಿಕೊಳ್ಳಿ. ಅಪ್ಪ ಸತ್ತರೂ ಅಳುವುದಿಲ್ಲ, ಜಮೀನಿಗೂ ಆಸೆ ಪಡುವುದಿಲ್ಲ, ಸುಮ್ಮನೆ ನಡೆಯುತ್ತಿರುತ್ತಾನೆ. ಯಾಕೆ ಹೀಗೆ ಎಂಬುದು ಎಷ್ಟೋ ಹೊತ್ತಿನ ಮೇಲೆ, ಕುರಿಗಾರರ ಜೊತೆ ಕೂತು ಅವನೇ ಬಾಯಿ ಬಿಟ್ಟಾಗ ತಿಳಿಯುತ್ತದೆ. ಮಂಡ್ಯದ ಕಡೆಯ ಆ ಹಳ್ಳಿ ಕಥೆ ಬರೆದ ಈರೇಗೌಡರ ಊರು. ನಟಿಸಿದವರು ಬಹುಪಾಲು ಹಳ್ಳಿಯವರೇ. ಬಲ್ಲ ಊರು, ಬಲ್ಲ ಜನ.

ಮಿತ್ರರೇ, ಮುಖ್ಯ ಮಾತು ಇಲ್ಲಿದೆ. ನಮ್ಮ ಕಡೆಯ ಮನುಷ್ಯ ಬೆಳ್ಳಿತೆರೆಯ ಮೇಲೆ ಎಷ್ಟು ಸಲ ಪೂರ್ತಿ ಮನುಷ್ಯನಾಗಿ ಬಂದಿದ್ದಾನೆ? ‘ಹೌದಲ್ರೀ’ ‘ಏನ್ ಮಾಡ್ಲಕತ್ತೀರಿ’ ಎಂದು ಬಾಯಿ ತೆರೆದರೆ ಸಾಕು, ನಗಿಸಲು ಬಂದವನೇ ಎಂದು ಜನ ತಿಳಿಯುವ ಹಾಗಾಗಿದೆ. ನಮ್ಮವರು ಅಳುವುದಿಲ್ಲವೆ? ಪ್ರೀತಿ ಮಾಡುವುದಿಲ್ಲವೆ? ಗುಲಬರ್ಗಾದ ಮಿಲ್ ಕಾರ್ಮಿಕರ ಮಗಳು ಗೀತಾ ನಾಗಭೂಷಣ ಇದೇ ಮಾತಿನಲ್ಲಿ, ಇದೇ ಓಣಿಯ ಜನರ ಮೇಲೆ ‘ಬದುಕು’ ಕಾದಂಬರಿ ಬರೆದರು; 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಮಾತಿನಲ್ಲಿ ನಗೆಯೂ ಇದೆ, ಸಿಟ್ಟೂ ಇದೆ, ಕಣ್ಣೀರೂ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ ಗಾಡಿಗೆ ಕಾಯುವ ಕೂಲಿಯವರು, ತೊಗರಿ ರಾಶಿಯ ಮುಂದೆ ಸಾಲದ ಲೆಕ್ಕ ಹಾಕುವ ಚಿಂಚೋಳಿಯ ರೈತ, ಸಿಮೆಂಟಿನ ಧೂಳು ಕೊಡವಿ ಮನೆಗೆ ಹೋಗುವ ಅಪ್ಪ... ಇವರನ್ನು ಬಲ್ಲವರು ನೀವು. ನೀವೇ ವಿಜಯ್-ಭೂಪತಿ ಎಂದು ಬರೆಯುತ್ತ ಕೂತರೆ ಇವರ ಕಥೆ ಬರೆಯುವವರು ಯಾರು?

ಗಾಂಧಿನಗರಕ್ಕೆ ಓಡಬೇಡಿ. ಕೈಯಲ್ಲಿರುವ ಕೆಲಸ ಬಿಡಬೇಡಿ. ಈಗ ಕಿಸೆಯ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯಬಹುದು. ಕ್ಯಾಮೆರಾ ಸಿಕ್ಕಿತು, ಇನ್ನು ಮನುಷ್ಯ ಸಿಗಬೇಕು!

ಈ ವಾರದ ಮನೆಪಾಠ: ಸೇಡಂ ಬಸ್ ಸ್ಟ್ಯಾಂಡಿನಿಂದ ಚಿಂಚೋಳಿಗೆ ಕೊನೆಯ ಬಸ್ಸು. ಉಳಿದಿರುವುದು ಒಂದೇ ಸೀಟು. ಬಾಗಿಲಲ್ಲಿ ನಿಮ್ಮ ನಾಯಕ, ಅವನ ಹಿಂದೆ ಕೂಸು ಎತ್ತಿಕೊಂಡ ತಾಯಿ. ನಾಯಕನ ಅಪ್ಪ ದವಾಖಾನೆಯಲ್ಲಿದ್ದಾನೆ. ಅವನು ಕೂಡುತ್ತಾನೋ, ನಿಲ್ಲುತ್ತಾನೋ? ಕೂತರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಾನೋ, ತಾಯಿಯ ಮುಖ ನೋಡುತ್ತಾನೋ? ಒಂದೇ ಪುಟ ಬರೆಯಿರಿ. ಅವನ ಎತ್ತರ ಎಷ್ಟು ಎಂದು ಮಾತ್ರ ಬರೆಯಬೇಡಿ!

ಮುಂದಿನ ವಾರ: ನಾಯಕಿ ಅಳುವುದನ್ನು ಬಿಟ್ಟು ಇನ್ನೇನು ಮಾಡಬಲ್ಲಳು?