ಇಂಟರ್ನ್ ಬಂದಿದ್ದಾರೆ, ಯಾರು ನೋಡ್ಕೋತೀರಿ?

ಎಂಟನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಇಂಟರ್ನ್‌ಶಿಪ್ ರಿಪೋರ್ಟಿಗೆ ಯಾವ ಬ್ರಾಂಚಿನವರು ಯಾವ ಬಣ್ಣದ ರಟ್ಟು ಹಾಕಿಸಬೇಕು, ಚಿನ್ನದ ಅಕ್ಷರ ಎಷ್ಟು ದಪ್ಪ ಇರಬೇಕು, ಸರ್ಟಿಫಿಕೇಟ್ ಪುಟ ಮೊದಲೋ ಡಿಕ್ಲರೇಷನ್ ಮೊದಲೋ ಎಂಬುದೆಲ್ಲ ಅಂಗಡಿಯವನಿಗೆ ವಿಭಾಗದ ಮುಖ್ಯಸ್ಥರಿಗಿಂತ ಚೆನ್ನಾಗಿ ಗೊತ್ತು. ಮೊದಲ ಅಧ್ಯಾಯ ‘ಕಂಪನಿ ಪ್ರೊಫೈಲ್’. ಅದು ಕಂಪನಿಯ ವೆಬ್‌ಸೈಟಿನಿಂದ ಎತ್ತಿದ್ದು. ‘ಮಾಡಿದ ಕೆಲಸ’ ಎಂಬ ಅಧ್ಯಾಯ ಸೀನಿಯರ್ ಕೊಟ್ಟ ಪೆನ್‌ಡ್ರೈವಿನಿಂದ ಇಳಿದದ್ದು. ಸರ್ಟಿಫಿಕೇಟ್ ಮಾತ್ರ ಹೊಸದು, ಅದಕ್ಕೆ ಕೆಲವು ಸಾವಿರ ರೂಪಾಯಿ ಕೊಟ್ಟಾಗಿದೆ. ಕೆಲಸ ಕಲಿಯಲು ಹೋದವರು ಸಂಬಳ ಪಡೆಯುವ ಬದಲು ಫೀಸು ಕಟ್ಟಿ ಬರುವ ಈ ವ್ಯವಹಾರಕ್ಕೆ ಬೆಂಗಳೂರಿನಲ್ಲಿ ಬೋರ್ಡು ಹಾಕಿಕೊಂಡ ಆಫೀಸುಗಳೇ ಇವೆ.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇಂಟರ್ನ್‌ಶಿಪ್ಪನ್ನು ಪದವಿಗೆ ಕಡ್ಡಾಯ ಮಾಡಿದೆ, ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇ ಅದಕ್ಕೆ ಕ್ರೆಡಿಟ್ ಕೊಡಿ ಎನ್ನುತ್ತದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಒತ್ತಿ ಹೇಳಿದೆ. ವಿದ್ಯಾರ್ಥಿ ಇಂಟರ್ನ್‌ಶಿಪ್ ಮಾಡಲೇಬೇಕು, ಆದರೆ ಅವನನ್ನು ಸೇರಿಸಿಕೊಳ್ಳಲೇಬೇಕು ಎಂದು ಯಾವ ಕಂಪನಿಗೂ ಯಾರೂ ಹೇಳಿಲ್ಲ. ಈ ಎರಡರ ನಡುವಿನ ಜಾಗದಲ್ಲಿ ಸರ್ಟಿಫಿಕೇಟಿನ ಅಂಗಡಿಗಳು ಎದ್ದಿವೆ.

ಆ ಅಂಗಡಿಗಳ ವಿಷಯ ಅಷ್ಟಕ್ಕೇ ಸಾಕು. ನನಗೆ ಹೆಚ್ಚು ಬೇಸರ ತರಿಸುವುದು ಒಳ್ಳೆಯ ಕಂಪನಿಗಳು, ಒಳ್ಳೆಯ ಮನಸ್ಸಿನಿಂದಲೇ ಇಂಟರ್ನ್‌ಗಳನ್ನು ತೆಗೆದುಕೊಂಡು, ಸ್ಟೈಪೆಂಡನ್ನೂ ಕೊಟ್ಟು, ಅವರ ಎರಡು ತಿಂಗಳನ್ನು ಹಾಳು ಮಾಡುವುದು.

ಪರಿಚಿತರ ಮಗಳೊಬ್ಬಳು ದಾವಣಗೆರೆಯವಳು. ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಂಪನಿಯಲ್ಲಿ ಎಂಟು ವಾರದ ಇಂಟರ್ನ್‌ಶಿಪ್ ಸಿಕ್ಕಿತು. ಮನೆಯಲ್ಲಿ ಹಬ್ಬ. ಮೊದಲ ದಿನ ಟೀ ಶರ್ಟು, ನೀರಿನ ಬಾಟಲಿ, ಸಿಇಒ ಭಾಷಣದ ವಿಡಿಯೊ. ಲ್ಯಾಪ್‌ಟಾಪ್ ಬಂದದ್ದು ಆ ವಾರದ ಕೊನೆಗೆ. ಅದರೊಳಗೆ ಕೆಲಸದ ಕೋಡ್ ನೋಡಲು ಬೇಕಾದ ಆಕ್ಸೆಸ್ ಇರಲಿಲ್ಲ. ಟಿಕೆಟ್ ಹಾಕಿದಳು, ಟಿಕೆಟ್ ಯಾರದೋ ಒಪ್ಪಿಗೆಗೆ ಕಾಯುತ್ತಾ ಕೂತಿತು. ಕೂರಲು ಜಾಗವಿಲ್ಲದ್ದರಿಂದ ಖಾಲಿ ಇರುವ ಮೀಟಿಂಗ್ ರೂಮಿನಲ್ಲಿ ಕೂರು ಎಂದರು. ಮೀಟಿಂಗಿನವರು ಬಂದಾಗಲೆಲ್ಲ ಬ್ಯಾಗು ಎತ್ತಿಕೊಂಡು ಪ್ಯಾಂಟ್ರಿಗೆ ಹೋಗಬೇಕು. ಮೂರನೇ ವಾರದ ಹೊತ್ತಿಗೆ ಆ ಅಂತಸ್ತಿನ ಯಾವ ರೂಮು ಎಷ್ಟು ಹೊತ್ತಿಗೆ ಖಾಲಿ ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ಯಾರೂ ಕೆಟ್ಟವರಲ್ಲ, ಎಲ್ಲರೂ ನಕ್ಕು ಮಾತಾಡಿಸುತ್ತಿದ್ದರು. ಅವಳ ಗೈಡ್ ಆಗಿದ್ದ ಎಂಜಿನಿಯರ್ ರಿಲೀಸಿನ ಗಡಿಬಿಡಿಯಲ್ಲಿ ಮುಳುಗಿದ್ದರು.

ಒಂದು ಸಂಜೆ ಮಾತ್ರ ಅವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಪಕ್ಕದಲ್ಲಿ ಕೂತರು. ಪರದೆಯ ತುಂಬ ಎರರ್‌ಗಳು. ಇವಳು ಕಟ್ಟಕಡೆಯದನ್ನು ಹಿಡಿದುಕೊಂಡು ತಲೆ ಕೆಡಿಸಿಕೊಂಡಿದ್ದಳು. ಅವರು ಮೇಲಕ್ಕೆ ಸರಿಸುತ್ತಾ ಹೋಗಿ ಮೊಟ್ಟಮೊದಲು ಬಿದ್ದ ಎರರ್ ಹತ್ತಿರ ನಿಂತು, ‘ನೋಡಮ್ಮಾ, ಇದೊಂದು ಕೈ ಕೊಟ್ಟಿದ್ದಕ್ಕೆ ಕೆಳಗಿನವೆಲ್ಲ ಬಿದ್ದಿವೆ. ಮೊದಲು ಇದನ್ನು ಓದು’ ಎಂದರಂತೆ. ನಾಲ್ಕು ವರ್ಷದ ಕಾಲೇಜಿನಲ್ಲಿ ಯಾರೂ ಹೇಳದ ಮಾತು ಅದು ಎಂದು ಅವಳು ಈಗಲೂ ಹೇಳುತ್ತಾಳೆ. ಅಂಥ ಅರ್ಧ ಗಂಟೆಗಳು ಎಂಟು ವಾರದಲ್ಲಿ ಅವಳಿಗೆ ಬೆರಳೆಣಿಕೆಯಷ್ಟೂ ಸಿಗಲಿಲ್ಲ.

ಆ ಗೈಡ್ ಮತ್ತೆ ಮತ್ತೆ ಯಾಕೆ ಕೂರಲಿಲ್ಲ? ಕೂತರೆ ಅವರಿಗೆ ನಷ್ಟ. ಟೀಮಿನ ಕೆಲಸದ ಪಟ್ಟಿಯಲ್ಲಿ ಅವರ ಹೆಸರಿಗೆ ಬರೆದ ಕೆಲಸ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ವರ್ಷದ ಕೊನೆಯ ಅಪ್ರೈಸಲ್ ಫಾರಂ ತೆಗೆದು ನೋಡಿ: ಹ್ಯಾಕಥಾನಿಗೆ ಕಾಲಂ ಇದೆ, ದೀಪಾವಳಿ ಅಲಂಕಾರ ಸಮಿತಿಯಲ್ಲಿ ಓಡಾಡಿದ್ದಕ್ಕೂ ಒಂದು ಮೆಚ್ಚುಗೆಯ ಸಾಲು ಸಿಗುತ್ತದೆ. ಇಬ್ಬರು ಹುಡುಗರಿಗೆ ಎರಡು ತಿಂಗಳು ಕೆಲಸ ಕಲಿಸಿದ್ದನ್ನು ಬರೆಯಲು ಜಾಗವಿಲ್ಲ. ‘ಇಂಟರ್ನ್ ಬಂದಿದ್ದಾರೆ, ಯಾರು ನೋಡ್ಕೋತೀರಿ?’ ಎಂದು ಮ್ಯಾನೇಜರ್ ಕೇಳಿದಾಗ ಟೀಮಿನವರೆಲ್ಲ ಪರದೆಯತ್ತ ಬಗ್ಗುವುದು ಸೋಮಾರಿತನದಿಂದಲ್ಲ.

ನಮ್ಮ ಕಂಪನಿಗಳು ಇಂಟರ್ನ್‌ಶಿಪ್ಪನ್ನು ತಲೆ ಎಣಿಕೆಯಿಂದ ಶುರು ಮಾಡುತ್ತವೆ. ಈ ವರ್ಷ ನೂರು ಜನ, ಮುಂದಿನ ವರ್ಷ ಇನ್ನೂರು. ಎಚ್‌ಆರ್ ವಿಭಾಗದ ಸ್ಲೈಡಿನಲ್ಲಿ ಅದು ಏರುವ ಗೆರೆ. ನನ್ನ ಲೆಕ್ಕದಲ್ಲಿ ಎಣಿಸಬೇಕಾದ್ದು ಗೈಡ್‌ಗಳನ್ನು. ವಾರಕ್ಕೆ ನಾಲ್ಕೈದು ಗಂಟೆಯನ್ನು ತಮ್ಮ ಮಾಮೂಲಿ ಕೆಲಸದಿಂದ ಕಳೆದು ಇಂಟರ್ನ್‌ಗೆ ಕೊಡಬಲ್ಲವರು ಕಚೇರಿಯಲ್ಲಿ ಎಷ್ಟು ಮಂದಿ? ಕಳೆದು ಎಂದರೆ ನಿಜವಾಗಿಯೂ ಕಳೆದು, ರಾತ್ರಿ ಮನೆಗೆ ಹೋದ ಮೇಲೆ ಮಾಡಿಕೋ ಎಂದಲ್ಲ. ಅಂಥವರು ಹತ್ತು ಜನ ಇದ್ದರೆ ಇಂಟರ್ನ್‌ಗಳು ಹೆಚ್ಚೆಂದರೆ ಇಪ್ಪತ್ತು. ಇನ್ನೂರರ ಆಸೆ ಇದ್ದರೆ ನೂರು ಜನ ಗೈಡ್‌ಗಳ ಆ ಗಂಟೆಗಳಿಗೆ ಬಜೆಟ್ಟಿನಲ್ಲಿ ದುಡ್ಡು ಇಡಬೇಕು.

ಇದು ಆದರ್ಶದ ಮಾತು ಎನ್ನುವವರು ಲೆಕ್ಕಪರಿಶೋಧಕರ ಕಡೆ ನೋಡಲಿ. ಸಿಎ ಓದುವವರು ಒಬ್ಬ ಸಿಎ ಕೈಕೆಳಗೆ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ ಮಾಡಲೇಬೇಕು. ಮೊದಲು ಮೂರು ವರ್ಷವಿತ್ತು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿಯಿತು. ಒಬ್ಬ ಸಿಎ ಎಷ್ಟು ಆರ್ಟಿಕಲ್‌ಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಸಿಎಗಳ ರಾಷ್ಟ್ರೀಯ ಸಂಸ್ಥೆ ಮಿತಿ ಹಾಕಿದೆ, ಪ್ರಾಕ್ಟೀಸಿನ ಅನುಭವ ಹೆಚ್ಚಿದಂತೆ ಮಿತಿ ಹೆಚ್ಚುತ್ತದೆ. ನಿನ್ನೆ ಬೋರ್ಡು ಹಾಕಿದವರು ಹತ್ತು ಹುಡುಗರನ್ನು ಗುಡ್ಡೆ ಹಾಕಿಕೊಳ್ಳುವಂತಿಲ್ಲ. ಕನಿಷ್ಠ ಸ್ಟೈಪೆಂಡೂ ನಿಗದಿಯಾಗಿದೆ, ಯಾರ ಕೈಕೆಳಗೆ ಯಾರು ಎಂಬುದು ದಾಖಲಾಗುತ್ತದೆ. ಅಲ್ಲೂ ಬ್ಯಾಂಕಿಗೆ ಚಲನ್ ಕಟ್ಟಲು ಓಡಿಸುವವರು ಇದ್ದಾರೆ, ನನಗೆ ಗೊತ್ತಿದೆ. ಆದರೂ ಆರ್ಟಿಕಲ್ ಮುಗಿಸಿ ಬಂದವರಿಗೆ ಒಂದು ಬ್ಯಾಲೆನ್ಸ್ ಶೀಟ್ ಕೊಟ್ಟರೆ ಎಲ್ಲಿ ಬೆರಳಿಡಬೇಕೆಂದು ತಿಳಿದಿರುತ್ತದೆ. ಗೈಡಿನ ಶಕ್ತಿ ನೋಡಿ ಶಿಷ್ಯರ ಸಂಖ್ಯೆ ಕಟ್ಟಿದ ಆ ನಿಯಮದ ಪಾಲು ಅದರಲ್ಲಿ ದೊಡ್ಡದು.

ಕೆಲಸ ಯಾವುದು ಕೊಡಬೇಕು ಎನ್ನುವುದು ಇನ್ನೊಂದು ತಲೆಬಿಸಿ. ತಡವಾದರೆ ಗ್ರಾಹಕ ಫೋನ್ ಮಾಡುವಂಥದ್ದನ್ನು ಕೊಟ್ಟರೆ ಮೂರನೇ ದಿನಕ್ಕೆ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತಾರೆ. ಯಾರಿಗೂ ಬೇಡವಾದದ್ದನ್ನು ಕೊಟ್ಟರೆ ಕೊನೆಯ ದಿನದ ಪ್ರೆಸೆಂಟೇಷನ್ ಕೇಳಲು ಯಾರೂ ಬರುವುದಿಲ್ಲ. ಎಲ್ಲರೂ ‘ಮಾಡಬೇಕು, ಮಾಡಬೇಕು’ ಎನ್ನುತ್ತಾ ವರ್ಷಗಟ್ಟಲೆ ಮಾಡದೆ ಬಿಟ್ಟ ಕೆಲಸಗಳು ಪ್ರತಿ ಕಚೇರಿಯಲ್ಲೂ ಇರುತ್ತವೆ. ಇಂಟರ್ನ್‌ಗೆ ಹೇಳಿ ಮಾಡಿಸಿದಂತಿರುವುದು ಅವೇ.

ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ, ವಾಹನಗಳಿಗೆ ಬಿಡಿಭಾಗ ಮಾಡುವಂಥದ್ದು. ಮಾಲೀಕರು ಒಬ್ಬ ಡಿಪ್ಲೊಮಾ ಹುಡುಗನಿಗೆ ಮೈಕ್ರೊಮೀಟರ್ ಮತ್ತು ಒಂದು ರೂಲ್ಡ್ ಪುಸ್ತಕ ಕೊಟ್ಟು ಸಿಎನ್‌ಸಿ ಲೇತಿನ ಪಕ್ಕ ನಿಲ್ಲಿಸಿದರು. ಇಪ್ಪತ್ತು ಪೀಸಿಗೆ ಒಂದನ್ನು ಅಳೆ, ಅಳತೆ ಬರೆ, ಹೊತ್ತು ಬರೆ. ಅಷ್ಟೇ ಕೆಲಸ. ಹುಡುಗ ಮೊದಮೊದಲು ಇದೆಂಥ ಇಂಟರ್ನ್‌ಶಿಪ್ ಎಂದು ಮುಖ ಸಣ್ಣ ಮಾಡಿಕೊಂಡಿದ್ದ. ಎರಡು ವಾರದ ಅಂಕಿಗಳನ್ನು ಗ್ರಾಫ್ ಹಾಳೆಗೆ ಇಳಿಸಿದಾಗ ರಿಜೆಕ್ಟ್ ಆಗುತ್ತಿದ್ದ ಪೀಸುಗಳಲ್ಲಿ ಹೆಚ್ಚಿನವು ಬೆಳಗಿನ ಮೊದಲ ಗಂಟೆಯವು ಎಂದು ಕಂಡಿತು. ರಾತ್ರಿಯೆಲ್ಲ ತಣ್ಣಗೆ ಕೂತ ಮೆಷಿನ್ ಓಡಲು ಶುರುವಾದ ಮೇಲೆ ಸ್ಪಿಂಡಲ್ ಬಿಸಿಯಾಗಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಅಳತೆ ಸರಿಯುತ್ತದೆ. ಹಳೆಯ ಆಪರೇಟರ್ ಕೇಳಿ ನಕ್ಕರಂತೆ. ‘ಇದು ನಂಗೆ ಯಾವಾಗ್ಲೋ ಗೊತ್ತಿತ್ತು ಕಣಯ್ಯ, ನನ್ನ ಯಾರು ಕೇಳಿದ್ರು?’ ಈಗ ಅಲ್ಲಿ ಕೆಲಸ ಶುರುವಿಗೆ ಮೊದಲು ಮೆಷಿನ್ ಸ್ವಲ್ಪ ಹೊತ್ತು ಖಾಲಿ ಓಡುತ್ತದೆ. ಆ ಹುಡುಗನಿಗೆ ಸಿಕ್ಕ ಗೈಡ್ ಯಾರು ಹೇಳಿ? ಮಾಲೀಕರು ಕಾಗದದ ಮೇಲೆ, ಕಲಿಸಿದ್ದು ಆಪರೇಟರ್. ಮಾಲೀಕರು ದಿನಾ ಸಂಜೆ ಹತ್ತು ನಿಮಿಷ ಆ ಪುಸ್ತಕ ತೆರೆದು ನೋಡುತ್ತಿದ್ದರು ಎನ್ನುವುದೂ ಸಣ್ಣ ಮಾತಲ್ಲ. ತಾನು ಬರೆದದ್ದನ್ನು ಒಬ್ಬರು ಓದುತ್ತಾರೆ ಎಂದು ಗೊತ್ತಾದರೆ ಹುಡುಗರು ಸುಳ್ಳು ಅಂಕಿ ಬರೆಯುವುದಿಲ್ಲ.

ಇನ್ನು ದುಡ್ಡಿನ ಮಾತು. ಇಂಟರ್ನ್‌ಗೆ ಸ್ಟೈಪೆಂಡ್ ಎಂಥದಕ್ಕೆ, ಕಲಿಯಲು ಬಂದವನಲ್ಲವೇ ಎನ್ನುವ ಹಿರಿಯರಿಗೆ ನನ್ನ ಉತ್ತರ ಒಂದೇ. ಸ್ಟೈಪೆಂಡ್ ಇಲ್ಲದಿದ್ದರೆ ಜಯನಗರದಲ್ಲಿ ಮನೆ ಇರುವವರು ಬರುತ್ತಾರೆ, ಸಿಂಧನೂರಿನವರು ಬರುವುದಿಲ್ಲ. ಬೆಂಗಳೂರಿನ ಐಟಿ ಪ್ರದೇಶದಲ್ಲಿ ಊಟ ಸೇರಿ ಎಂಟು ಸಾವಿರಕ್ಕೆ ಪಿಜಿ ಸಿಕ್ಕರೆ ಅದೃಷ್ಟ. ಅದರ ಮೇಲೆ ಅಡ್ವಾನ್ಸು, ಮೆಟ್ರೊ, ಬಸ್ಸು.

ಕೇಂದ್ರ ಸರ್ಕಾರಕ್ಕೆ ಈ ಪಾಠ ಅಂಕಿಗಳ ರೂಪದಲ್ಲೇ ಸಿಕ್ಕಿದೆ. 2024ರ ಜುಲೈ ಬಜೆಟ್ಟಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಘೋಷಣೆಯಾಯಿತು. ಐದು ವರ್ಷದಲ್ಲಿ ಒಂದು ಕೋಟಿ ಯುವಜನರು, 500 ದೊಡ್ಡ ಕಂಪನಿಗಳು, ಒಂದು ವರ್ಷದ ಅವಧಿ. ತಿಂಗಳಿಗೆ ₹5,000: ಅದರಲ್ಲಿ ₹4,500 ಸರ್ಕಾರದ್ದು, ₹500 ಕಂಪನಿಯ ಸಿಎಸ್‌ಆರ್ ಹಣ. ಸೇರುವಾಗ ಒಮ್ಮೆ ₹6,000. ಪೈಲಟ್ ಹಂತದ ಮೊದಲ ಸುತ್ತಿನಲ್ಲಿ ಕಂಪನಿಗಳು ಸುಮಾರು 1.27 ಲಕ್ಷ ಅವಕಾಶಗಳನ್ನು ಮುಂದಿಟ್ಟವು, 82 ಸಾವಿರದಷ್ಟು ಆಫರ್ ಹೋದವು, ಒಪ್ಪಿದವರು ಸುಮಾರು 28 ಸಾವಿರ. ಕೊನೆಗೆ ಸೇರಿದವರು 8,700ರ ಆಸುಪಾಸು. ಊರು ದೂರ, ಅವಧಿ ಉದ್ದ, ಕೊಟ್ಟ ಕೆಲಸ ಇಷ್ಟವಿಲ್ಲ ಎಂಬ ಕಾರಣಗಳು ಆಮೇಲೆ ಹೊರಬಂದವು. ಐದು ಸಾವಿರಕ್ಕೆ ಬೇರೆ ಊರಿನಲ್ಲಿ ಒಂದು ವರ್ಷ ಬದುಕಿ ಎಂದರೆ ಯಾರಾದರೂ ಹಿಂಜರಿಯುತ್ತಾರೆ. ಅಂದಹಾಗೆ, ಪೈಲಟ್ಟಿನ ಆ ಸುತ್ತಿನಲ್ಲಿ ಪೂರ್ಣಾವಧಿ ಓದುತ್ತಿರುವವರಿಗೆ ಪ್ರವೇಶವಿರಲಿಲ್ಲ. ಆಗ ಅದು ಓದು ಮುಗಿಸಿ ಕೆಲಸವಿಲ್ಲದೆ ಕೂತವರ ಯೋಜನೆಯಾಗಿತ್ತು. ಕಾಲೇಜಿನಲ್ಲಿರುವವರ ಗೋಳು ಹಾಗೇ ಉಳಿಯಿತು.

ನಮ್ಮೂರಿನ ಕಂಪನಿಗಳಿಗೆ ಇಂಟರ್ನ್‌ಶಿಪ್ಪನ್ನು ಚೆನ್ನಾಗಿ ನಡೆಸಲು ಬರುವುದಿಲ್ಲ ಎನ್ನುವಂತಿಲ್ಲ. ಇನ್ಫೊಸಿಸ್ 1999ರಿಂದ ‘ಇನ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್ಪಿಗೆ ಕರೆಸಿಕೊಳ್ಳುತ್ತಿದೆ. ಪರದೇಶದಿಂದ ಬರುವವರಿಗೆ ಉಳಿಯಲು ಜಾಗ, ಸ್ಟೈಪೆಂಡ್, ಮಾಡಲು ಒಂದು ಪ್ರಾಜೆಕ್ಟ್ ಸಿದ್ಧ ಮಾಡಿಡುವುದು ಇಲ್ಲಿ ಸಾಧ್ಯವಾಗಿದೆ ಎಂದಾದರೆ, ಹಾವೇರಿಯಿಂದ ಬರುವವರಿಗೆ ಎರಡು ತಿಂಗಳ ಮಟ್ಟಿಗೆ ಒಂದು ಹಾಸಿಗೆಯ ಏರ್ಪಾಡು ಮಾಡಲು ಉಳಿದ ದೊಡ್ಡ ಕಂಪನಿಗಳಿಗೆ ಏನಡ್ಡಿ?

ಹಾವೇರಿಯವರ ಮಾತು ಬಂದದ್ದಕ್ಕೆ ಇನ್ನೊಂದನ್ನು ಹೇಳಿಬಿಡುತ್ತೇನೆ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಬೇಕಾದ ಭಯಕ್ಕೆ ಬಾಯಿಯೇ ತೆರೆಯದ ಮಕ್ಕಳಿದ್ದಾರೆ. ಕೆಲಸ ಅರ್ಥವಾಗಿರುತ್ತದೆ, ಹೇಳಲು ಬರುವುದಿಲ್ಲ. ಗೈಡ್‌ಗೆ ಕನ್ನಡ ಬರುತ್ತಿದ್ದರೆ ಮೊದಲ ವಾರ ‘ಕನ್ನಡದಲ್ಲೇ ಹೇಳಪ್ಪಾ’ ಎಂದುಬಿಡಲಿ. ಇಂಗ್ಲಿಷ್ ಹಿಂದಿನಿಂದ ಬರುತ್ತದೆ. ಹಾಗೆಯೇ, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ತರಬೇತಿಗೆ ಬಂದವರನ್ನೂ ಉದ್ಯೋಗಿಗಳೆಂದೇ ಎಣಿಸುತ್ತದೆ. ಅದರಡಿ ರಚಿಸಿದ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ಯಾರಿಗೆ ದೂರು ಕೊಡಬೇಕು ಎಂಬುದನ್ನು ಟೀ ಶರ್ಟಿನ ಜೊತೆಗೆ ಮೊದಲ ದಿನವೇ ತಿಳಿಸಬೇಕು. ಎರಡು ತಿಂಗಳಿಗೆ ಬಂದ ಹುಡುಗಿ ಆ ಸಮಿತಿಯನ್ನು ತಾನಾಗಿ ಹುಡುಕಿಕೊಂಡು ಹೋಗಲಾರಳು.

ಇಷ್ಟು ಹೊತ್ತು ಕಂಪನಿಗಳನ್ನೇ ಜರೆದದ್ದಾಯಿತು, ಕಾಲೇಜುಗಳೇನೂ ಕಡಿಮೆಯಿಲ್ಲ. ಪಿಲಾನಿಯ ಬಿಟ್ಸ್ 1973ರಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಶುರು ಮಾಡಿದಾಗ ಕಾರ್ಖಾನೆಗೆ ವಿದ್ಯಾರ್ಥಿಗಳ ಜೊತೆ ಅಧ್ಯಾಪಕರನ್ನೂ ಕಳಿಸಿತು. ಅಂಕ ಬೀಳುವುದು ಅಲ್ಲಿನ ಕೆಲಸ ನೋಡಿ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಒಳಗಿನ ಗೈಡ್ ಎನ್ನುವವರು ಕಂಪನಿಯ ಗೇಟನ್ನೂ ನೋಡಿರುವುದಿಲ್ಲ. ಕೊನೆಗೆ ರಿಪೋರ್ಟಿನ ರಟ್ಟು ತಿರುವಿ ‘ಕಂಪನಿಯ ಟರ್ನೋವರ್ ಎಷ್ಟು?’ ಎಂದು ವೈವಾದಲ್ಲಿ ಕೇಳುತ್ತಾರೆ. ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ಸಮಿತಿ ಬಂದಾಗ ತೋರಿಸಲು ಕಂಪನಿಗಳ ಜೊತೆಗಿನ ಒಡಂಬಡಿಕೆಗಳ ಫೈಲು ದಪ್ಪವಿದ್ದರೆ ಆಡಳಿತ ಮಂಡಳಿಗೂ ಸಮಾಧಾನ.

ಕಂಪನಿಯವರು ಕ್ಯಾಂಪಸ್ಸಿಗೆ ಬಂದಾಗ ನಮ್ಮ ಪ್ಲೇಸ್‌ಮೆಂಟ್ ಆಫೀಸರುಗಳು ಕೇಳುವುದು ಎರಡೇ: ಸ್ಟೈಪೆಂಡ್ ಎಷ್ಟು, ಕೊನೆಗೆ ಕೆಲಸದ ಆಫರ್ ಕೊಡುತ್ತೀರಾ. ತುಮಕೂರು ಕಡೆಯ ಕಾಲೇಜೊಂದರ ಪ್ಲೇಸ್‌ಮೆಂಟ್ ಆಫೀಸರ್ ಮೂರನೆಯದನ್ನು ಸೇರಿಸಿದ್ದಾರೆ. ಪ್ರತಿ ವಿದ್ಯಾರ್ಥಿಯ ಗೈಡ್ ಯಾರು, ಹೆಸರು ಬರೆಯಿರಿ; ಅವರ ಕೈಕೆಳಗೆ ಇನ್ನೆಷ್ಟು ಇಂಟರ್ನ್‌ಗಳಿದ್ದಾರೆ, ಅದನ್ನೂ ಬರೆಯಿರಿ. ಈ ಫಾರಂ ಕಳಿಸಿದ ಮೇಲೆ ಎರಡು ಕಂಪನಿಗಳು ಈಮೇಲಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದವು. ಇನ್ನೊಂದು ಕಂಪನಿಯವರು, ಇದು ನಮಗೂ ಹೊಳೆದಿರಲಿಲ್ಲ ಎಂದು, ಗೈಡ್ ಆಗಬೇಕಿದ್ದ ಎಂಜಿನಿಯರನ್ನೇ ಒಂದು ಶನಿವಾರ ಕಾಲೇಜಿಗೆ ಕಳಿಸಿದರು. ಅವರು ಮೂವರು ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಕೂತು, ಬರುವ ಮೊದಲು ಏನೇನು ಓದಿಕೊಂಡಿರಬೇಕು ಎಂದು ಹೇಳಿ, ಆಕ್ಸೆಸ್‌ಗೆ ಬೇಕಾದ ವಿವರಗಳನ್ನೆಲ್ಲ ಅಲ್ಲೇ ಬರೆದುಕೊಂಡು ಹೋದರು. ಉತ್ತರ ಕೊಡದ ಆ ಎರಡು ಕಂಪನಿಗಳಿಗೆ ಆಫೀಸರ್ ಮತ್ತೆ ಫೋನ್ ಮಾಡಿಲ್ಲ.